ಅವ್ವನ ಏಳು ವರ್ಷ

ನನ್ನ ಪ್ರಶ್ನಾವಳಿಯ ಆರನೇ ಪ್ರಶ್ನೆ ನೋಡಲು ಬಹಳ ಸರಳ: ‘ಈ ಊರಿನಲ್ಲಿ ಎಷ್ಟು ವರ್ಷಗಳಿಂದ ವಾಸವಾಗಿದ್ದೀರಿ?’ ಉತ್ತರಕ್ಕೆ ಒಂದು ಸಣ್ಣ ಚೌಕ. ಅದರೊಳಗೆ ಒಂದು ಸಂಖ್ಯೆ ಬರೆದರೆ ಮುಗಿಯಿತು.

ಮಳೆ ನಂಬಿದ ಜಮೀನಿನ ಮನೆಗಳಿಂದ ಯಾರು ಯಾವಾಗ ಊರು ಬಿಡುತ್ತಾರೆ, ಯಾವಾಗ ಮರಳುತ್ತಾರೆ, ಮರಳಿದ ಮೇಲೆ ಹೇಗೆ ಬದುಕುತ್ತಾರೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಓದುತ್ತಿರುವುದು ಕೃಷಿ ಅರ್ಥಶಾಸ್ತ್ರ. ಎರಡು ವರ್ಷದಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರುಗಳಲ್ಲಿ ಜಗಲಿಗಳ ಮೇಲೆ ಕೂತು ಈ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಒಂದೇ ಸಂಖ್ಯೆಯಲ್ಲಿ ಉತ್ತರ ಕೊಟ್ಟವರು ಕಡಿಮೆ. ‘ಹುಟ್ಟಿದ್ದು ಇಲ್ಲೇ. ಆಮೇಲೆ ಬೆಂಗಳೂರಲ್ಲಿ ನಾಲ್ಕು ವರ್ಷ. ಅಪ್ಪ ತೀರಿಕೊಂಡಾಗ ಬಂದು ಒಂದು ವರ್ಷ ಇದ್ವಿ. ಮತ್ತೆ ಹೋದ್ವಿ’ ಎಂದು ಶುರುವಾಗುತ್ತದೆ. ನಾನು ಅಂಚಿನ ಖಾಲಿ ಜಾಗದಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಪ್ರಬಂಧದ ಅರ್ಧ ಭಾಗ ಆ ಅಂಚಿನಲ್ಲೇ ಇದೆ.

2024ರ ಡಿಸೆಂಬರಿನಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ಹೀಗೇ ಕೂತಿದ್ದೆ. ಆ ಮನೆಯ ಹೆಂಗಸು ತೆಂಗಿನಗರಿಯಿಂದ ಕಡ್ಡಿ ಸೀಳುತ್ತಾ ಉತ್ತರ ಹೇಳುತ್ತಿದ್ದರು. ಗಂಡ ಗೋವಾದಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ವಾಪಸ್ ಬಂದರು. ನನ್ನ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಅವರೇ ಒಂದು ಪ್ರಶ್ನೆ ಕೇಳಿದರು.

‘ಮೇಡಂ, ನನ್ನ ಮಗ ಫಸ್ಟ್ ಪಿಯುಸಿ ಸೈನ್ಸು. ಏಳು ವರ್ಷ ಕರ್ನಾಟಕದಾಗೇ ಓದಿರ್ಬೇಕು, ಇಲ್ಲಾಂದ್ರೆ ಸಿಇಟಿ ಸೀಟು ಕೊಡಲ್ಲ ಅಂತ ಯಾರೋ ಅಂದ್ರು. ಹೌದಾ? ಇವ್ನು ಇಲ್ಲಿಗೆ ಬಂದಿದ್ದು ಏಳನೇ ಕ್ಲಾಸಿಗೆ.’

ಇಬ್ಬರೂ ಬೆರಳು ಮಡಚಿ ಎಣಿಸಿದೆವು. ಏಳು, ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು. ಆರು. ಅವರ ಕೈಯಲ್ಲಿದ್ದ ಕಡ್ಡಿ ನಿಂತಿತು.

ನಾನು ಪೆನ್ನು ಮುಚ್ಚಿಟ್ಟೆ. ಆ ಎಣಿಕೆ ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದ ಹಿಂದೆ ಇದೇ ಹೊಸದುರ್ಗದ ಒಂದು ಸೈಬರ್ ಸೆಂಟರಿನಲ್ಲಿ ನಮ್ಮಪ್ಪ ಹೀಗೇ ಬೆರಳು ಮಡಚಿದ್ದ.

*

2001ರಿಂದ ಮೂರು ವರ್ಷ ಸಾಲಾಗಿ ಬರ ಬಂದದ್ದು ಈ ಕಡೆಯವರಿಗೆಲ್ಲ ನೆನಪಿರುತ್ತದೆ. ನಮ್ಮ ಎರಡೂವರೆ ಎಕರೆಯಲ್ಲಿ ಹಾಕಿದ ರಾಗಿ, ಹುರುಳಿ ಎರಡೂ ಒಣಗಿದವು. ಕೊರೆಸಿದ ಬೋರಿನಲ್ಲಿ ಬಂದದ್ದು ಬರೀ ದೂಳು. 2003ರಲ್ಲಿ ಅಪ್ಪ ನಮ್ಮನ್ನು ಕರೆದುಕೊಂಡು ಪುಣೆ ಹತ್ತಿರದ ಪಿಂಪ್ರಿಗೆ ಹೋದ. ಯಾವಾಗ ಬರುತ್ತೀಯ ಎಂದು ಅಜ್ಜ ಕೇಳಿದ್ದಕ್ಕೆ ‘ಮಾರಿಕಣಿವೆ ಕೋಡಿ ಬಿದ್ದಾಗ ಬರ್ತೀನಿ’ ಅಂದನಂತೆ. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೊನೆಯ ಸಲ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಆ ಮಾತಿಗೆ ನಮ್ಮ ಕಡೆ ಒಂದೇ ಅರ್ಥ: ಇನ್ನು ಬರುವುದಿಲ್ಲ.

ಪಿಂಪ್ರಿಯಲ್ಲಿ ಅಪ್ಪ ಮೊದಲು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಮೂರು ವರ್ಷಕ್ಕೆ ಸ್ವಂತದ್ದೊಂದು ಇಡ್ಲಿ ವಡೆ ಗಾಡಿ ಮಾಡಿಕೊಂಡ. ಬೆಳಗಿನ ಪಾಳಿಗೆ ಕಾರ್ಖಾನೆಗೆ ಹೋಗುವವರು ಬರುವ ಮೊದಲು ನಾಲ್ಕು ಗಂಟೆಗೆ ಅವ್ವ ಚಟ್ನಿ ರುಬ್ಬಬೇಕಿತ್ತು. ನಾನು ಒಂದರಿಂದ ಹತ್ತರವರೆಗೆ ಓದಿದ್ದು ಅಲ್ಲಿನ ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಕಲಿಸಿದವಳು ಅವ್ವ. ಊರಿಂದ ಯಾರಾದರೂ ಬಂದರೆ ಅವರ ಗಂಟಿನ ಜೊತೆ ಬಂದ ಹಳೇ ಪೇಪರನ್ನು ಅವಳು ಎಸೆಯುತ್ತಿರಲಿಲ್ಲ. ಮಧ್ಯಾಹ್ನ ಗಾಡಿ ತೊಳೆದಿಟ್ಟ ಮೇಲೆ ಅದನ್ನು ಹರವಿ, ಬೆರಳಿಟ್ಟು ಓದಿಸುತ್ತಿದ್ದಳು. ‘ನಾನು ಏಳನೇ ಕ್ಲಾಸ್ ಪಾಸು, ತಿಳ್ಕೋ’ ಎಂದು ಆಗಾಗ ಹೇಳುತ್ತಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿದ್ದ ಅಪ್ಪನಿಗೆ ಆ ಮಾತು ಕೇಳಿದಾಗಲೆಲ್ಲ ನಗು.

ಹತ್ತನೇ ತರಗತಿ ಮುಗಿದಾಗ, 2013ರಲ್ಲಿ, ನನ್ನನ್ನು ಹಿರಿಯೂರಿಗೆ ಕಳಿಸಿದರು. ಸೋದರಮಾವ ಹೆದ್ದಾರಿ ಪಕ್ಕದಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದ, ಅಜ್ಜಿಯೂ ಅವನ ಜೊತೆಗಿದ್ದಳು. ಮಹಾರಾಷ್ಟ್ರ ಬೋರ್ಡಿನಿಂದ ಮೈಗ್ರೇಶನ್ ಸರ್ಟಿಫಿಕೇಟ್, ಇಲ್ಲಿನ ಪದವಿಪೂರ್ವ ಇಲಾಖೆಯಿಂದ ಅರ್ಹತಾ ಪತ್ರ ಎಲ್ಲ ತಂದು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದೆ. ದಿನಾ ಬಸ್ಸು. ತರಗತಿಯಲ್ಲಿ ನನಗಿದ್ದ ಹೆಸರು ‘ಬಾಂಬೆಯೋಳು’. ಪಿಂಪ್ರಿಯ ಶಾಲೆಯಲ್ಲಿ ಹತ್ತು ವರ್ಷ ‘ಅಣ್ಣಾಚಿ ಮುಲ್ಗಿ’ ಆಗಿದ್ದವಳಿಗೆ ಅದು ಹೊಸದೇನಲ್ಲ. ಅಲ್ಲಿ ಇಡ್ಲಿ ಮಾರುವವರೆಲ್ಲ ಅಣ್ಣಾ, ಅವರ ಮಗಳು ಅಣ್ಣಾನ ಮಗಳು.

*

2015ರಲ್ಲಿ ಸಿಇಟಿ ಬರೆದೆ. ರ್‍ಯಾಂಕು ಪರವಾಗಿಲ್ಲ, ಕೃಷಿ ಪದವಿಗೆ ಸರ್ಕಾರಿ ಸೀಟು ಸಿಗುವಂತಿತ್ತು. ಅಪ್ಪ ಗಾಡಿಯನ್ನು ಪಕ್ಕದವನಿಗೆ ವಹಿಸಿ ಊರಿಗೆ ಬಂದ. ಯಾವ ಯಾವ ಕಾಗದ ಬೇಕು ಎಂದು ನೋಡಲು ನಾವಿಬ್ಬರೂ ಹೊಸದುರ್ಗದ ಸೈಬರ್ ಸೆಂಟರಿಗೆ ಹೋದೆವು. ಪರೀಕ್ಷಾ ಪ್ರಾಧಿಕಾರದ ಪುಸ್ತಿಕೆಯ ಅರ್ಹತೆಯ ಪುಟಗಳನ್ನು ಆ ಹುಡುಗ ಪ್ರಿಂಟ್ ತೆಗೆದುಕೊಟ್ಟ. ಅರ್ಜಿ ತುಂಬುವಾಗಲೇ ನೋಡಬೇಕಿತ್ತು ಎಂದು ಈಗ ಹೇಳಬಹುದು. ಚಿತ್ರದುರ್ಗದಲ್ಲೇ ಪಿಯುಸಿ ಓದಿದವಳಿಗೆ ತಾನು ಕರ್ನಾಟಕದವಳು ಹೌದೋ ಅಲ್ಲವೋ ಎಂಬ ಅನುಮಾನ ಬರಬೇಕಿತ್ತೆಂದು ನನಗೆ ಅನ್ನಿಸಿರಲಿಲ್ಲ.

ಮೊದಲ ಕಂಡಿಕೆ ಎಲ್ಲರಿಗೂ ಅನ್ವಯಿಸುವಂಥದ್ದು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ಪೂರ್ಣ ವರ್ಷ ಕರ್ನಾಟಕದಲ್ಲಿ ಓದಿರಬೇಕು. ನನ್ನದು ಎರಡು. ಅಪ್ಪ ಬೆರಳು ಮಡಚಿದ್ದು ಆಗಲೇ.

ಮುಂದಿನ ಕಂಡಿಕೆಗಳಲ್ಲಿ ಸೈನಿಕರ ಮಕ್ಕಳು, ಮಾಜಿ ಸೈನಿಕರ ಮಕ್ಕಳು ಹೀಗೆ ಬೇರೆ ಬೇರೆ. ಅಪ್ಪ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಓದುತ್ತಾ ಹೋದವನು ಒಂದು ಕಡೆ ನಿಂತ. ಗಡಿನಾಡ ಕನ್ನಡಿಗರ ಕಂಡಿಕೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ; ಆಮೇಲೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಅವನ ಮುಖ ಅರಳಿತು.

‘ನೋಡಮ್ಮ, ನಮ್ಮೂರ ಹೆಸರೇ ಹಾಕವ್ರೆ!’

ಸೈಬರ್ ಹುಡುಗನಿಗೆ ನಗು ತಡೆಯಲಾಗಲಿಲ್ಲ. ‘ಯಜಮಾನ್ರೇ, ಅದು ಕೇರಳದ ಹೊಸದುರ್ಗ. ನಮ್ದು ಅಲ್ಲ’ ಅಂದ.

ಅಪ್ಪನಿಗೆ ಇನ್ನೊಂದು ಹೊಸದುರ್ಗ ಇದೆಯೆಂದೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಕಾಞಂಗಾಡಿನಲ್ಲಿ ಸಮುದ್ರದ ಹತ್ತಿರ ಇಕ್ಕೇರಿ ನಾಯಕರ ಕಾಲದ ಕೋಟೆಯಿದೆ, ಅದರಿಂದಲೇ ಆ ತಾಲ್ಲೂಕಿಗೂ ಹೊಸದುರ್ಗ ಎಂಬ ಹೆಸರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡಿನ ಜೊತೆ ಅದೂ ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿದರೂ ಅದು ಜಾರಿಯಾಗಲಿಲ್ಲ. ಗೆರೆ ಆ ಕಡೆ ಬಿದ್ದರೂ ಅಲ್ಲಿಯ ಕನ್ನಡದ ಮಕ್ಕಳಿಗೆ ಇಲ್ಲಿಯ ಕಾಲೇಜಿನ ಬಾಗಿಲು ಮುಚ್ಚಬಾರದೆಂದು ಆ ಕಂಡಿಕೆ ಇದೆ. ಅದು ಇರಲೇಬೇಕಾದದ್ದು. ಆ ದಿನ ಮಾತ್ರ ಅಪ್ಪ, ಹೆಸರು ಒಂದೇ ಆದ ಎರಡು ಊರುಗಳಲ್ಲಿ ತನ್ನದಲ್ಲದ ಊರಿಗೆ ಬಾಗಿಲು ತೆಗೆದಿರುವುದನ್ನು ನೋಡುತ್ತಾ ನಿಂತಿದ್ದ.

‘ಹೊರನಾಡು ಅಂತ ಒಂದೈತಲ್ಲ’ ಎಂದು ಕೇಳಿದ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಹೊರರಾಜ್ಯದಲ್ಲಿ ಓದಿದವರಿಗೆ ಅಂಥದ್ದೊಂದು ಕಂಡಿಕೆ ಇದೆ. ಅದಕ್ಕೆ ಒಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅದು ಸಿಇಟಿಯ ಬೆನ್ನಿಗೇ ಮುಗಿದುಹೋಗಿತ್ತು. ‘ಅದು ಹೊರಗಿರೋರಿಗೆ ಅಂಕಲ್. ನೀವು ಬಂದ್‌ಬಿಟ್ಟಿದೀರಲ್ಲ’ ಅಂದ ಹುಡುಗ.

ಮಹಾರಾಷ್ಟ್ರದ ಕಡೆ ನೋಡೋಣವೆಂದರೆ ಅಲ್ಲಿ ಡೊಮಿಸೈಲ್ ಸರ್ಟಿಫಿಕೇಟಿಗೆ 15 ವರ್ಷದ ವಾಸ ತೋರಿಸಬೇಕು. ನಾನಿದ್ದದ್ದು ಹತ್ತು. ಅಲ್ಲಿಗೆ ಐದು ಕಡಿಮೆ, ಇಲ್ಲಿಗೆ ಐದು ಕಡಿಮೆ. ಎರಡೂ ಕಡೆ ಸೇರಿಸಿದರೆ ನನ್ನ ಹನ್ನೆರಡು ವರ್ಷದ ಓದು ಪೂರ್ತಿ ಇತ್ತು, ಒಂದು ಕಡೆಯೂ ಲೆಕ್ಕಕ್ಕೆ ಸಾಲುತ್ತಿರಲಿಲ್ಲ. ಸರ್ಕಾರಿ ಸೀಟು ಇಲ್ಲವೆಂದರೆ ಉಳಿದದ್ದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು. ಅದರ ಶುಲ್ಕವನ್ನು ನಾವು ವಿಚಾರಿಸಲೂ ಇಲ್ಲ.

ಕೊನೆಗೆ ಉಳಿದದ್ದು ಒಂದು ಕಂಡಿಕೆ. ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಸಾಕು.

ಅಪ್ಪನದು ನಾಲ್ಕು. ‘ನಿಮ್ಮವ್ವನ್ದು ಏಳೈತಲ್ಲ!’ ಅಂದ. ಎಷ್ಟೋ ವರ್ಷ ನಕ್ಕ ಮಾತನ್ನು ಅವನು ಅಂದು ಮೊದಲ ಸಲ ಗೌರವದಿಂದ ಹೇಳಿದ.

*

ಅವ್ವನಿಗೆ ಫೋನು ಮಾಡಿದೆವು. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಆ ಸ್ಕೂಲು ಈಗ ಐತೋ ಇಲ್ವೋ’ ಅಂದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಬಸ್ಸಿಳಿದಾಗಲೂ ಅವಳ ಮುಖ ಗೆಲುವಾಗಿರಲಿಲ್ಲ. ರಾತ್ರಿ ಪ್ರಯಾಣದ ಆಯಾಸ ಇರಬೇಕು ಅಂದುಕೊಂಡೆ.

ಅವ್ವನ ತವರು ಹೊಳಲ್ಕೆರೆ ತಾಲ್ಲೂಕು. ಅಡಿಕೆ ತೋಟಗಳ ನಡುವೆ ಒಂದು ರಸ್ತೆ, ರಸ್ತೆಯ ಕೊನೆಗೆ ಹಿರಿಯ ಪ್ರಾಥಮಿಕ ಶಾಲೆ. ಸೋದರಮಾವ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದ. ಅವನೂ ಓದಿದ್ದು ಅದೇ ಶಾಲೆ. ಮುಖ್ಯೋಪಾಧ್ಯಾಯರು ಬೀರುವಿನ ಕೆಳಗಿನ ಖಾನೆಯಿಂದ ಉದ್ದನೆಯ ದಾಖಲಾತಿ ರಿಜಿಸ್ಟರುಗಳನ್ನು ಒಂದೊಂದಾಗಿ ತೆಗೆದರು. ಅಂಚುಗಳನ್ನು ಗೆದ್ದಲು ತಿಂದಿತ್ತು. ಅವ್ವ ಬಾಗಿಲ ಹತ್ತಿರವೇ ನಿಂತಿದ್ದಳು.

‘ಸಿಕ್ತು ನೋಡಿ. 1980, ಜೂನ್. ಒಂದನೇ ತರಗತಿ’ ಎಂದು ಮೇಷ್ಟ್ರು ಬೆರಳಿಟ್ಟು ಅಡ್ಡಕ್ಕೆ ಓದುತ್ತಾ ಹೋದರು. ಬಿಟ್ಟ ದಿನಾಂಕ 1987, ಏಪ್ರಿಲ್. ಬಿಡುವಾಗ ಇದ್ದ ತರಗತಿ... ಅಲ್ಲಿ ಅವರು ನಿಂತರು. ಕನ್ನಡಕ ಸರಿ ಮಾಡಿಕೊಂಡರು.

‘ಆರನೇ ತರಗತಿ ಅಂತ ಐತಲ್ಲಮ್ಮ.’

ನಾನು ಅವ್ವನ ಕಡೆ ನೋಡಿದೆ. ಅವಳು ಹೊರಗೆ ನೋಡುತ್ತಿದ್ದಳು. ಅಪ್ಪ ‘ಏಳು ಅಂತಿದ್ಲು ಸಾರ್’ ಅಂದ. ಮೇಷ್ಟ್ರು ಇನ್ನೊಂದು ಪುಸ್ತಕ ತೆಗೆದು ಹಳೇ ಫಲಿತಾಂಶದ ಹಾಳೆಗಳನ್ನು ತಿರುವಿದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಅವ್ವನೇ ಹೇಳಿದಳು, ತುಂಬ ಸಣ್ಣ ದನಿಯಲ್ಲಿ.

‘ನಾಲ್ಕನೇ ಕ್ಲಾಸು ಎರಡು ಸಲ ಕೂತೆ ಸಾರ್.’

ಅವಳು ಮೂವತ್ತು ವರ್ಷದಿಂದ ಯಾರಿಗೂ ಹೇಳದ ಮಾತು ಅದು. ಆರನೇ ತರಗತಿಗೆ ಶಾಲೆ ಬಿಟ್ಟದ್ದನ್ನು ಏಳು ಎಂದು ಹೇಳಿಕೊಂಡು ಬಂದಿದ್ದಳು. ಪೂರ್ತಿ ಸುಳ್ಳೂ ಅಲ್ಲ, ಶಾಲೆಗೆ ಹೋಗಿದ್ದು ಏಳು ವರ್ಷವೇ. ಮೇಷ್ಟ್ರು ಹಾಳೆಯಲ್ಲಿ 1983-84 ಹುಡುಕಿದರು. ಅವ್ವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ನಪಾಸು’ ಎಂದಿತ್ತು.

ಅದನ್ನು ನೋಡಿ ಮೇಷ್ಟ್ರ ಮುಖ ಬದಲಾಯಿತು. ನನ್ನ ಕೈಯಲ್ಲಿದ್ದ ಪ್ರಿಂಟನ್ನು ಕೇಳಿ ತೆಗೆದುಕೊಂಡು ಎರಡು ಸಲ ಓದಿದರು. ‘ಇಲ್ಲಿ ವರ್ಷ ಅಂತಿದೆ. ತರಗತಿ ಅಂತಿಲ್ಲ. 80ರ ಜೂನಿಂದ 87ರ ಏಪ್ರಿಲ್. ಒಂದು, ಎರಡು...’ ಎಂದು ಎಣಿಸಿ, ‘ಏಳು ವರ್ಷ ಆಯ್ತಲ್ಲ. ಕೂತ್ಕೊಳ್ಳಿ ಅಮ್ಮ, ಬರ್ಕೊಡ್ತೀನಿ’ ಅಂದರು.

ಅವ್ವ ಅಲ್ಲಿದ್ದ ಮಕ್ಕಳ ಬೆಂಚಿನ ತುದಿಯಲ್ಲಿ ಕೂತಳು. ಮಾವ ತಲೆ ತಗ್ಗಿಸಿ ನಿಂತಿದ್ದ. ಅವನಿಗೂ ಆಗ ಲೆಕ್ಕ ಹೊಳೆದಿತ್ತು. 1983ರಲ್ಲಿ ಹುಟ್ಟಿದವನು ಅವನು. ಅಜ್ಜಿ ಕೂಲಿಗೆ ಹೋಗಬೇಕಾದ್ದರಿಂದ ಕೂಸನ್ನು ಎತ್ತಿಕೊಂಡು ಆ ವರ್ಷ ಮನೆಯಲ್ಲಿದ್ದವಳು ಒಂಬತ್ತು ವರ್ಷದ ಅಕ್ಕ.

ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಿತ್ತು. ಅಲ್ಲಿನ ಗುಮಾಸ್ತರು ಕಾಗದ ನೋಡಿ, ‘ಆರನೇ ಕ್ಲಾಸ್ ಅಂದ್ರೆ ಆರು ವರ್ಷ ಅಲ್ವೇನ್ರೀ?’ ಅಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದ. ‘ಸಾರ್, ಪುಸ್ತಕದಾಗೆ ವರ್ಷ ಅಂತೈತೆ. ನಮ್ಮಕ್ಕ ಓದಿರೋದು ಏಳು ವರ್ಷ. ನಪಾಸಾದ ವರ್ಷನೂ ಸ್ಕೂಲಿಗೇ ಸೇರಿದ್ಲು, ಬೇರೆ ಎಲ್ಲೂ ಹೋಗಿರ್ಲಿಲ್ಲ’ ಅಂದ. ಅವನ ದನಿ ಜಗಳದ ಹಾಗಿತ್ತು. ಒಳಗಿದ್ದ ಅಧಿಕಾರಿ ಕರೆಸಿ, ರಿಜಿಸ್ಟರಿನ ನಕಲು ನೋಡಿ, ರುಜು ಹಾಕಿದರು.

ದಾಖಲೆ ಪರಿಶೀಲನೆಯಲ್ಲಿ ಆ ಕಾಗದವನ್ನು ಯಾರೂ ಎರಡನೇ ಸಲ ನೋಡಲಿಲ್ಲ. ನನಗೆ ಸೀಟು ಸಿಕ್ಕಿತು. ಅವ್ವ ನಪಾಸಾಗಿದ್ದರಿಂದ.

*

ಸೀಟಿನ ಹಿಂದೆಯೇ ಸಾಲದ ಪ್ರಶ್ನೆ ಬಂತು. ನಾಲ್ಕು ವರ್ಷದ ಶುಲ್ಕ, ಹಾಸ್ಟೆಲು, ಊಟ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಿಲ್ಲ, ಪೋಷಕರು ಜಂಟಿಯಾಗಿ ಸಹಿ ಹಾಕಿದರೆ ಸಾಕು ಎನ್ನುವುದು ಬ್ಯಾಂಕುಗಳು ಒಪ್ಪಿಕೊಂಡ ಮಾದರಿ ಯೋಜನೆ. ಕುಟುಂಬದ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ 2009ರಿಂದ ಇತ್ತು. ಓದಿದರೆ ನಮಗಾಗಿಯೇ ಮಾಡಿದಂತಿತ್ತು.

ಊರಿನ ಹತ್ತಿರದ ಶಾಖೆಗೆ ಹೋದರೆ ಅಪ್ಪನ ಆಧಾರ್, ರೇಷನ್ ಕಾರ್ಡು ನೋಡಿದರು. ಎರಡೂ ಪಿಂಪ್ರಿಯವು. ‘ತಂದೆ ಎಲ್ಲಿರ್ತಾರೋ ಅಲ್ಲಿನ ಬ್ರಾಂಚಲ್ಲಿ ಕೇಳಿ’ ಅಂದರು. ಅಪ್ಪ ಪಿಂಪ್ರಿಯಲ್ಲಿ ಕೇಳಿದ. ‘ಮಗಳು ಇರೋದು, ಓದೋದು ಎಲ್ಲ ಕರ್ನಾಟಕ. ಅಲ್ಲೇ ತಗೊಳ್ಳಿ’ ಅಂದರು. ಬಡ್ಡಿ ಸಹಾಯಧನಕ್ಕೆ ಬೇಕಾದ ವರಮಾನ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಅಲ್ಲೂ ವಾಸದ ಪುರಾವೆ ಕೇಳಿದರು. ಜಮೀನಿನ ಪಹಣಿ ತೋರಿಸಿದ ಅಪ್ಪನಿಗೆ, ಜಮೀನು ಇಲ್ಲಿರಬಹುದು, ನೀವು ಇಲ್ಲಿಲ್ಲವಲ್ಲ ಎಂಬ ಉತ್ತರ ಸಿಕ್ಕಿತು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರಂತೂ ಟೀ ಕುಡಿಸಿ ಕಳಿಸಿದರು.

ಮೊದಲ ವರ್ಷದ ಶುಲ್ಕ ಅವ್ವನ ಓಲೆಯಿಂದ ಬಂತು. ಅಪ್ಪ ಗಾಡಿ, ಸ್ಟೌವು, ಇಡ್ಲಿ ಪಾತ್ರೆಗಳನ್ನೆಲ್ಲ ಕಲಬುರಗಿ ಕಡೆಯ ಒಬ್ಬ ಹುಡುಗನಿಗೆ ಮಾರಿದ. ಪಿಂಪ್ರಿಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ಕಾಗದ ತಂದು ಇಲ್ಲಿ ಹೊಸ ಕಾರ್ಡು ಮಾಡಿಸುವುದಕ್ಕೇ ಸುಮಾರು ಒಂದು ವರ್ಷ ಹಿಡಿಯಿತು. ಅದಾದ ಮೇಲೆ ವರಮಾನ ಪತ್ರ, ಆಮೇಲೆ ಸಾಲ. ನನ್ನ ಎರಡನೇ ವರ್ಷಕ್ಕೆ ಹಣ ಬಂತು. ಹನ್ನೆರಡು ವರ್ಷದ ಗಿರಾಕಿಗಳನ್ನು ಬಿಟ್ಟು ಬಂದ ಅಪ್ಪ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಬೋಂಡ, ಮಿರ್ಚಿ ಗಾಡಿ ಹಾಕಿದ. ಪಿಂಪ್ರಿಯ ಅರ್ಧದಷ್ಟೂ ವ್ಯಾಪಾರವಾಗುತ್ತಿರಲಿಲ್ಲ. ಮಾರಿಕಣಿವೆ ಇನ್ನೂ ತುಂಬಿರಲಿಲ್ಲ. ಅವನನ್ನು ಊರಿಗೆ ಕರೆತಂದದ್ದು ಒಂದು ಅರ್ಜಿ ನಮೂನೆಯ ‘ಪೋಷಕರ ಕಾಯಂ ವಿಳಾಸ’ ಎಂಬ ಸಾಲು.

*

ಸಂಶೋಧನೆಗೆ ಸೇರಿದ ಮೇಲೆ ಈ ‘ವಾಸ’ ಎನ್ನುವ ಪದದ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ಹಳೇ ತೀರ್ಪುಗಳನ್ನು ಓದಿದೆ. ನನ್ನ ವಿಷಯಕ್ಕೆ ಅಷ್ಟೇನೂ ಬೇಕಾಗಿರಲಿಲ್ಲ. ಓದದೆ ಇರಲು ಆಗಲಿಲ್ಲ.

ಗಣರಾಜ್ಯ ಬಂದು ಐದು ವರ್ಷಕ್ಕೇ ಈ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕವಿರಲಿಲ್ಲ, ಹೊರಗಿನವರಿಗಿತ್ತು. ದೆಹಲಿಯಿಂದ ಹೋಗಿದ್ದ ಡಿ.ಪಿ. ಜೋಶಿ ಎಂಬ ವಿದ್ಯಾರ್ಥಿ ಅದನ್ನು ಪ್ರಶ್ನಿಸಿದ. 1955ರ ಬಹುಮತದ ತೀರ್ಪು ಅವನ ವಿರುದ್ಧ ಬಂತು. ಹುಟ್ಟಿದ ಸ್ಥಳ ನೋಡಿ ತಾರತಮ್ಯ ಮಾಡುವುದನ್ನು ಸಂವಿಧಾನ ತಡೆಯುತ್ತದೆ, ವಾಸ ನೋಡುವುದನ್ನು ಆ ವಿಧಿ ತಡೆಯುವುದಿಲ್ಲ. ಕಾಲೇಜು ನಡೆಸಲು ಹಣ ಕೊಡುವ ರಾಜ್ಯ ತನ್ನ ನಿವಾಸಿಗಳಿಗೆ ರಿಯಾಯಿತಿ ಕೊಡಬಹುದು ಎಂಬುದು ಅದರ ಸಾರ. ಹುಟ್ಟು ಬೇರೆ, ವಾಸ ಬೇರೆ. ಹೊಸದುರ್ಗದಲ್ಲಿ ಹುಟ್ಟಿದ ನಾನು ಅಲ್ಲಿಯವಳೆಂದು ಸಾಬೀತು ಮಾಡಲು ಒದ್ದಾಡಿದ್ದರ ಬೇರು ಅಲ್ಲಿತ್ತು.

ಇನ್ನೊಂದು ಪ್ರಕರಣ ನಮ್ಮ ಪಕ್ಕದ ತುಮಕೂರಿನದು. 1989ರ ಜೂನಿನ ಕರ್ನಾಟಕ ಸರ್ಕಾರದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಮೂರು ದರದಲ್ಲಿ ನಿಗದಿ ಮಾಡಿತ್ತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಈ ಕೊನೆಯ ದರವನ್ನು ಪ್ರಶ್ನಿಸಿದರು. 1992ರ ಜುಲೈನಲ್ಲಿ ಸುಪ್ರೀಂ ಕೋರ್ಟು ಶಿಕ್ಷಣದ ಹಕ್ಕು ಬದುಕುವ ಹಕ್ಕಿನೊಳಗೇ ಇದೆ ಎಂದು ಹೇಳಿ, ಹಾಗೆ ವಸೂಲಿ ಮಾಡುವುದು ಕ್ಯಾಪಿಟೇಶನ್ ಶುಲ್ಕವೇ ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ದೇಶದ ಮಕ್ಕಳ ಶಿಕ್ಷಣದ ಹಕ್ಕಿನ ಮಾತು ಬಂದಾಗಲೆಲ್ಲ ಮೋಹಿನಿ ಜೈನ್ ಹೆಸರು ಬರುತ್ತದೆ. ಆದರೆ ಅದೇ ತೀರ್ಪಿನ ಕೊನೆಯಲ್ಲಿ ಅವರಿಗೆ ಸೀಟು ಕೊಡಿಸಲು ಕೋರ್ಟು ಒಪ್ಪಲಿಲ್ಲ. ತರಗತಿಗಳು ಶುರುವಾಗಿ ವರ್ಷ ಕಳೆದಿತ್ತು. ಹಿರಿಯೂರಿನಿಂದ ಬೆಂಗಳೂರಿಗೆ ಹೋಗುವಾಗ ಬಸ್ಸು ತುಮಕೂರು ದಾಟಿದರೆ ನನಗೆ ಆ ಹುಡುಗಿ ನೆನಪಾಗುತ್ತಾಳೆ. ನಮಗೆ ಸಹಿ ಹಾಕಲು ಒಬ್ಬ ಅಧಿಕಾರಿ ಅಂದೇ ಸಿಕ್ಕರು.

ಬೇರೆ ದೇಶಗಳಲ್ಲೂ ಹೀಗೇ ಎಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ ಕಡಿಮೆ ದರದ ‘ಹೋಮ್’ ಶುಲ್ಕ ಮತ್ತು ಸರ್ಕಾರಿ ವಿದ್ಯಾರ್ಥಿ ಸಾಲಕ್ಕೆ ಸಾಮಾನ್ಯವಾಗಿ ಪಾಸ್‌ಪೋರ್ಟೊಂದೇ ಸಾಲದು. ಕೋರ್ಸು ಶುರುವಾಗುವ ಮೊದಲಿನ ಮೂರು ವರ್ಷ ಅಲ್ಲೇ ವಾಸವಿರಬೇಕು. ಬ್ರಿಟಿಷ್ ಪೌರತ್ವ ಪಡೆದು ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಕನ್ನಡದ ಕುಟುಂಬದ ಮಗು ಓದಲು ಹಿಂತಿರುಗಿದರೆ, ಹುಟ್ಟಿದ ದೇಶದಲ್ಲೇ ವಿದೇಶಿಯ ಶುಲ್ಕ ಕಟ್ಟಬೇಕಾಗಬಹುದು. ಅಲ್ಲಿ ಒಂದು ಸಡಿಲಿಕೆ ಮಾತ್ರ ನನಗೆ ಹಿಡಿಸಿತು. ಕುಟುಂಬ ಹೊರಗೆ ಹೋಗಿದ್ದು ತಾತ್ಕಾಲಿಕ ಕೆಲಸಕ್ಕೆ ಎಂದು ತೋರಿಸಿದರೆ ಆ ಗೈರನ್ನು ಗೈರೆಂದು ಎಣಿಸದೆ ಇರಬಹುದು. ಯಾಕೆ ಹೋದಿರಿ ಎಂದು ಕೇಳಲು ಅಲ್ಲೊಂದು ಜಾಗವಿದೆ.

ನಮ್ಮ ಏಳು ವರ್ಷದ ನಿಯಮವನ್ನು ತೆಗೆದುಹಾಕಬೇಕು ಎಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಚಳ್ಳಕೆರೆಯ, ಮೊಳಕಾಲ್ಮುರಿನ ಸರ್ಕಾರಿ ಶಾಲೆಯಿಂದ ಬಂದವರ ಸೀಟು ಯಾರ ಪಾಲಾಗುತ್ತಿತ್ತು ಎಂದು ನನಗೆ ಗೊತ್ತು. ನನ್ನ ಜೊತೆ ಓದಿದ ಎಷ್ಟೋ ಮಂದಿ ಅಂಥವರು. ನನ್ನ ತಕರಾರು ಬೇರೆ. ನಿಯಮ ಮಾಡಿದವರ ಕಣ್ಣಿನಲ್ಲಿ ಇಬ್ಬರಿದ್ದರು: ಇಲ್ಲೇ ಇರುವವರು ಮತ್ತು ಹೊರಗಿನಿಂದ ಬರುವವರು. ಬರದ ಸೀಮೆಯಲ್ಲಿ ಮೂರನೆಯವರೇ ಹೆಚ್ಚು. ಹೋಗುವುದು, ಮಳೆ ಬಂದರೆ ಮರಳುವುದು, ಮತ್ತೆ ಹೋಗುವುದು. ನಮ್ಮ ಗೊಲ್ಲರು, ಕುರುಬರು ಕುರಿ ಹೊಡೆದುಕೊಂಡು ಮಾಡಿದ್ದೂ ಅದೇ, ಅಪ್ಪ ಇಡ್ಲಿ ಗಾಡಿ ತಳ್ಳಿಕೊಂಡು ಮಾಡಿದ್ದೂ ಅದೇ. ಹಾಗೆ ಬದುಕಿದವರ ಹತ್ತಿರ ಸಾಲಾಗಿ ಏಳು ವರ್ಷದ ಕಾಗದ ಇರುವುದಿಲ್ಲ. ಇದ್ದರೂ ಅದು ಅವ್ವನದರ ಹಾಗೆ, ಮುಚ್ಚಿಟ್ಟ ಒಂದು ನಪಾಸಿನೊಳಗಿರುತ್ತದೆ. ಆ ತಾಯಿ ಕಂಡಿಕೆ ಬರೆದವರು ಯಾರೋ ನನಗೆ ಗೊತ್ತಿಲ್ಲ, ಅವರಿಗೆ ಮೂರನೆಯವರ ನೆನಪಿತ್ತು. ಶಾಲೆಯ ಮೆಟ್ಟಿಲೇ ಹತ್ತದ ಅವ್ವಂದಿರ ಮಕ್ಕಳಿಗೂ ಒಂದು ಸಾಲು ಬರೆಯಬೇಕಾದ್ದು ಬಾಕಿಯಿದೆ. ನಾಲ್ಕು ತಾಲ್ಲೂಕುಗಳ ನನ್ನ ಪ್ರಶ್ನಾವಳಿಗಳಲ್ಲಿ ಅಂಥ ಮನೆಗಳಿವೆ.

*

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 89 ವರ್ಷದ ಮೇಲೆ. ಜನ ಗಾಡಿ ಕಟ್ಟಿಕೊಂಡು, ಬೈಕು ಹತ್ತಿಕೊಂಡು ನೋಡಲು ಹೋದರು. ನಾವೂ ಹೋದೆವು. ಅಪ್ಪ ನೀರು ನೋಡುತ್ತಾ ಬಹಳ ಹೊತ್ತು ನಿಂತಿದ್ದ. ‘ಏಳು ವರ್ಷ ಮುಂಚೇನೇ ಬಂದ್‌ಬಿಟ್ಟೆ ನೋಡು’ ಅಂದ. ಅವ್ವ ತಕ್ಷಣ ‘ನಿಂದೂ ಏಳಾಯ್ತು ಬಿಡು’ ಅಂದಳು. ಈಗ ಅವಳಿಗೆ ಆ ವಿಷಯದಲ್ಲಿ ತಮಾಷೆ ಮಾಡುವಷ್ಟು ಧೈರ್ಯ ಬಂದಿದೆ.

ಹೊಸದುರ್ಗದ ಆ ಮನೆಯ ಜಗಲಿಯಲ್ಲಿ ನಾನು ಇಷ್ಟನ್ನೂ ಹೇಳಲಿಲ್ಲ. ‘ನೀವು ಎಷ್ಟರವರೆಗೆ ಓದಿದೀರಿ?’ ಎಂದು ಕೇಳಿದೆ.

‘ನಾನು ಎಸ್ಸೆಸ್ಸೆಲ್ಸಿ. ಎರಡು ಸಬ್ಜೆಕ್ಟು ಹೋಗಿದ್ವು. ಯಾಕೆ ಮೇಡಂ?’

‘ಎಲ್ಲಿ ಓದಿದ್ದು?’

‘ಇಲ್ಲೇ. ಒಂದರಿಂದ ಏಳು ನಮ್ಮೂರಾಗೆ, ಆಮೇಲೆ ಹೊಸದುರ್ಗ.’

ಹಾಗಾದರೆ ಹೆದರಬೇಡಿ, ಮಗ ಪಿಯುಸಿ ಎರಡೂ ವರ್ಷ ಇಲ್ಲೇ ಮುಗಿಸಲಿ, ನಿಮ್ಮ ಶಾಲೆಗೆ ಹೋಗಿ ನಿಮ್ಮ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ ಆಫೀಸಿನಲ್ಲಿ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ, ಅರ್ಜಿ ತುಂಬುವಾಗ ಆ ವರ್ಷದ ಪುಸ್ತಿಕೆ ನೋಡಿ ಆ ಕಂಡಿಕೆಯನ್ನೇ ಗುರುತು ಹಾಕಿ, ಸಿಇಟಿ ಮುಗಿಯುವವರೆಗೆ ಕಾಯಬೇಡಿ, ಅಂದೆ. ರೇಷನ್ ಕಾರ್ಡು ಇಲ್ಲಿಯದೇ ತಾನೇ ಎಂದೂ ಕೇಳಿದೆ.

ಅವರು ನಂಬಲಿಲ್ಲ. ‘ನನ್ನ ಓದು ಅವ್ನಿಗೆ ಲೆಕ್ಕಕ್ಕೆ ಬರುತ್ತಾ?’ ಎಂದು ಎರಡು ಸಲ ಕೇಳಿದರು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ, ಮಡಿಕೆಯಲ್ಲಿ ಹರಿದ ಒಂದು ಮಾರ್ಕ್ಸ್ ಕಾರ್ಡಿತ್ತು. ಗೋವಾಕ್ಕೆ ಹೋಗುವಾಗಲೂ ಬರುವಾಗಲೂ ಜೊತೆಗಿಟ್ಟುಕೊಂಡಿದ್ದರಂತೆ. ಯಾಕೆಂದು ಅವರಿಗೇ ಗೊತ್ತಿರಲಿಲ್ಲ.

ನಾನು ಪೆನ್ನು ತೆಗೆದು ಆರನೇ ಪ್ರಶ್ನೆಗೆ ಮರಳಿದೆ. ಚೌಕದಲ್ಲಿ ಬರೆಯಲು ಅವರು ಹೇಳಿದ ಸಂಖ್ಯೆ ನಾಲ್ಕು. ಅದನ್ನು ಬರೆದುಕೊಂಡು, ಉಳಿದದ್ದನ್ನು ಅಂಚಿನಲ್ಲಿ ಬರೆಯಲು ಶುರು ಮಾಡಿದೆ.